ಬಚ್ಚಲಿನ ಮೂರನೆಯ ಸಂದು

ಅಜ್ಜಿ ಬಚ್ಚಲಲ್ಲಿ ಬಿದ್ದ ಮೇಲೆ ಆ ಮನೆಯಲ್ಲಿ ಸ್ನಾನವೆಂದರೆ ದಂಡು ಹೊರಟಂತೆ. ಸೊಸೆ ಮುಂದೆ ಹೋಗಿ ನೆಲ ಒರೆಸಬೇಕು, ಮೊಮ್ಮಗಳು ಸ್ಟೂಲು ಹಿಡಿದುಕೊಳ್ಳಬೇಕು, ಅಜ್ಜಿಯ ಗಂಡ ಬಾಗಿಲ ಹೊರಗೆ ನಿಂತು "ಆಯ್ತಾ? ಆಯ್ತೇನೇ?" ಎಂದು ಕೂಗುತ್ತಿರಬೇಕು. ಹಿಂದಿನ ವರ್ಷದ ಕಾಯಿಲೆಯಿಂದ ಎದ್ದಾಗಿನಿಂದ ಅಜ್ಜಿಯ ಎಡಗಾಲು ಅವಳ ಮಾತು ಕೇಳುತ್ತಿರಲಿಲ್ಲ. ತಣ್ಣನೆಯ ನೆಲ ಸೋಕಿದರೆ ಸಾಕು, ಮೀನಖಂಡ ಕಲ್ಲಾಗಿ ಬೆರಳುಗಳು ಒಳಕ್ಕೆ ಮಡಚಿಕೊಳ್ಳುತ್ತಿದ್ದವು. ಬೆರಳು ಮಡಚಿತೆಂದರೆ ಅಜ್ಜಿ ನೆಲಕ್ಕೆ. ಒಮ್ಮೆ ಹಾಗೆ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದಳು. "ಇನ್ನೊಂದು ಸಲ ಬಿದ್ದರೆ ಸೊಂಟ ಹೋಗುತ್ತೆ, ಆಮೇಲೆ ಹಾಸಿಗೆಯೇ ಗತಿ" ಎಂದು ಡಾಕ್ಟರು ಮುಖಕ್ಕೆ ಹೊಡೆದ ಹಾಗೆ ಹೇಳಿ ಕಳಿಸಿದ್ದರು. ಚಳಿ ಶುರುವಾದದ್ದೇ ತಡ, ಅಜ್ಜಿ ನೆಪ ಹೇಳತೊಡಗಿದಳು. ಇವತ್ತು ನೆಗಡಿ, ನಾಳೆ ತಲೆನೋವು.

"ಸ್ನಾನ ಮಾಡದೆ ಯಾರೂ ಸತ್ತಿಲ್ಲ," ಎಂದಳು ಒಂದು ದಿನ ಊಟದ ಮೇಜಿನಲ್ಲಿ.

"ಪಕ್ಕದಲ್ಲಿ ಕೂತವರು ಸತ್ತಿರಬಹುದು ಅಜ್ಜಿ," ಎಂದಳು ಕಾಲೇಜಿಗೆ ಹೋಗುವ ಮೊಮ್ಮಗಳು.

ಎಲ್ಲರೂ ನಕ್ಕರು. ಅಜ್ಜಿಯೂ ನಗಲು ಹೋದಳು, ಆಗಲಿಲ್ಲ. "ಹೆದರಿಕೆ ಆಗುತ್ತೆ ಕಣೇ," ಎಂದು ತಟ್ಟೆ ಸರಿಸಿಬಿಟ್ಟಳು.

ಬಿಸಿ ನೆಲದ ಮಾತು ತೆಗೆದವಳು ಸೊಸೆ. ಅವಳು ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಇಸ್ತ್ರಿ ಮಾಡುವವಳು. ಅಲ್ಲಿ ಜೊತೆಗೆ ಕೆಲಸ ಮಾಡುವವಳೊಬ್ಬಳ ಮನೆಯಲ್ಲಿ ಬಚ್ಚಲಿನ ಟೈಲ್ಸ್ ಅಡಿಗೆ ಕರೆಂಟಿನ ತಂತಿ ಹಾಸಿದ್ದಾರಂತೆ, ಬರಿಗಾಲಲ್ಲಿ ನಿಂತರೆ ಬಿಸಿಲಿಗೆ ಕಾದ ಕಟ್ಟೆಯ ಮೇಲೆ ನಿಂತ ಹಾಗಿರುತ್ತದಂತೆ.

"ಮಾಡಿಸೋಣ," ಎಂದ ಮಗ. ಅವನು ಬಸ್ ಡ್ರೈವರು, ಯೋಚನೆ ಕಡಿಮೆ, ತೀರ್ಮಾನ ಬೇಗ. "ತಂತಿ ಹಾಸೋಕೆ ಕರೆಂಟಿನವನು ಬರ್ತಾನೆ. ಟೈಲ್ಸಿಗೆ ಯಾರನ್ನಾದ್ರೂ ಹಿಡೀತೀನಿ."

ಆಗ ಮೇಸ್ತ್ರಿ ತಲೆ ಎತ್ತಿದ. ಮೇಸ್ತ್ರಿ ಎಂದರೆ ಅಜ್ಜಿಯ ಗಂಡ, ಈ ಮನೆಯ ಯಜಮಾನ. ಆ ಊರಿನ ಅರ್ಧ ಮನೆಗಳ ಬಚ್ಚಲು, ಅಡುಗೆಮನೆಗಳ ನೆಲಕ್ಕೆ ಟೈಲ್ಸ್ ಕೂರಿಸಿದವನು. ಕೆಲಸ ಬಿಟ್ಟು ಕೆಲವು ವರ್ಷಗಳಾಗಿದ್ದರೂ ಯಾರ ಮನೆಗೆ ಹೋದರೂ ಮೊದಲು ನೆಲ ನೋಡುತ್ತಿದ್ದ, ಆಮೇಲೆ ಮನೆಯವರ ಮುಖ.

"ಯಾರನ್ನಾದ್ರೂ ಅಂದ್ರೆ? ನಾನೇನು ಸತ್ತಿದ್ದೀನಾ?"

"ಹಾಗಲ್ಲ ಅಪ್ಪ..."

"ಹೇಗಲ್ಲ? ಹೇಳು."

ಮಗ ಅಪ್ಪನ ಕಪ್ಪಿನ ಕೆಳಗಿದ್ದ ಸಾಸರನ್ನು ನೋಡಿದ. ಅದರಲ್ಲಿ ಎರಡು ಗುಟುಕಿನಷ್ಟು ಚಹಾ ಚೆಲ್ಲಿತ್ತು. ಈಚೆಗೆ ದಿನಾ ಚೆಲ್ಲುತ್ತಿತ್ತು. ಮೇಸ್ತ್ರಿಯೂ ಅದನ್ನು ನೋಡಿದ, ಸಾಸರನ್ನು ಎತ್ತಿ ಗಟಗಟ ಕುಡಿದು ಕೆಳಗಿಟ್ಟ.

"ಕಪ್ಪು ಹಿಡಿಯೋ ಕೈ ಬೇರೆ, ಕರಣೆ ಹಿಡಿಯೋ ಕೈ ಬೇರೆ ಕಣೋ."

"ಎರಡೂ ಒಂದೇ ಭುಜಕ್ಕೆ ತಾನೇ ಅಪ್ಪ ಅಂಟಿರೋದು?"

ಮಾತು ಬೆಳೆಯಿತು. ತಾನು ಕೂಲಿ ಮಾಡಿ ಸಾಕಿದ್ದು, ಮಗ ಎದುರು ಮಾತಾಡುವುದು, ಈಗಿನವರು ಟೈಲ್ಸಿನ ಸಂದನ್ನು ಹಲ್ಲಿನ ಸಂದಿನ ಹಾಗೆ ಸೊಟ್ಟ ಬಿಡುವುದು, ಎಲ್ಲ ಬಂದವು. ಕೊನೆಗೆ ಅಜ್ಜಿಯೇ ಮೇಜು ತಟ್ಟಿದಳು. "ಸಾಕು! ಅವರೇ ಮಾಡಲಿ. ನಿಲ್ಲೋ ಕಾಲು ನಂದು. ನನಗೆ ಅವರ ಕೆಲಸದ ಮೇಲೆ ನಂಬಿಕೆ ಇದೆ."

ಅಲ್ಲಿಗೆ ಮುಗಿಯಿತು. ಮೇಸ್ತ್ರಿ ಆ ದಿನ ಊಟವನ್ನು ಎರಡು ಸಲ ಬಡಿಸಿಕೊಂಡ.

ಹಳೆಯ ನೆಲ ಕಿತ್ತ ದಿನದಿಂದ ಮನೆಯವರೆಲ್ಲ ಟವೆಲು, ಸೋಪಿನ ಡಬ್ಬಿ ಹಿಡಿದು ಎದುರು ಮನೆಯ ಟೈಲರಮ್ಮನ ಬಚ್ಚಲಿಗೆ ನಡೆದರು. ಟೈಲರಮ್ಮ ಒಳ್ಳೆಯವಳು, ಆದರೆ ಬಾಯಿ ದೊಡ್ಡದು. ಮಗ ಶವರಿನ ಕೆಳಗೆ ಹಾಡುವ ಹಾಡು ನಾಲ್ಕೇ ದಿನದಲ್ಲಿ ಕಟ್ಟಡದ ಮನೆಗಳಿಗೆಲ್ಲ ಬಾಯಿಪಾಠವಾಯಿತು.

ಕರೆಂಟಿನವನು ಬಂದು ಬಲೆಯಂಥ ಚಾಪೆಗೆ ಹೊಲಿದಿದ್ದ ಕೆಂಪು ತಂತಿಯನ್ನು ನೆಲದ ತುಂಬ ಹಾವಿನ ನಡಿಗೆಯಲ್ಲಿ ಹಾಸಿದ. ಅದರ ತುದಿಗೆ ಬೆಂಕಿಪೊಟ್ಟಣದಷ್ಟು ಚಿಕ್ಕ ಪೆಟ್ಟಿಗೆಯೊಂದನ್ನು ಸಿಕ್ಕಿಸಿದ.

"ನೋಡಿ ಮೇಸ್ತ್ರಿಗಳೇ, ತಂತಿಗೆ ಎಲ್ಲಾದ್ರೂ ಏಟು ಬಿದ್ರೆ ಇದು ಕೂಗುತ್ತೆ. ಕೂಗಿದ್ರೆ ಕೆಲಸ ಅಲ್ಲೇ ನಿಲ್ಲಿಸಿ ನನಗೆ ಫೋನ್ ಮಾಡಿ. ಅಂಟು ಹಸಿ ಇದ್ದಾಗ ಎಬ್ಬಿಸೋದು ಸುಲಭ."

"ಕೂಗಲ್ಲ ಬಿಡಪ್ಪ."

"ಮೇಲೆ ನೀರು ಹರಿಯೋ ಜಾಗ. ಅದಕ್ಕೇ ಹೇಳ್ತಿದ್ದೀನಿ."

ಮೊಮ್ಮಗಳು ಆ ಪೆಟ್ಟಿಗೆಗೆ ಜೀರುಂಡೆ ಎಂದು ಹೆಸರಿಟ್ಟಳು.

ಮಾರನೆಯ ದಿನ ಮೇಸ್ತ್ರಿ ಕೆಲಸಕ್ಕೆ ಕೂತ. ಕಬ್ಬಿಣದ ಕರಣೆ ಬದಿಗಿಟ್ಟು ಪ್ಲಾಸ್ಟಿಕ್ಕಿನದು ಹಿಡಿದ. ಅವನು ಹೇಳಿದ್ದು ಸುಳ್ಳಾಗಿರಲಿಲ್ಲ, ಕರಣೆ ಹಿಡಿದರೆ ಕೈ ನಡುಗುತ್ತಿರಲಿಲ್ಲ. ಅಂಟು ಹರಡಿ, ಟೈಲು ಇಳಿಸಿ, ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ರಸಮಟ್ಟ ಇಟ್ಟು ಸಮವಿದೆಯೇ ನೋಡಿ ಮುಂದೆ ಸರಿಯುತ್ತಿದ್ದ. ಒಂದೇ ಒಂದು ಅಭ್ಯಾಸವನ್ನು ಅವನು ಅವತ್ತು ಕಟ್ಟಿಹಾಕಬೇಕಿತ್ತು. ಟೈಲು ಕೂರಿಸಿದ ಮೇಲೆ ಚಾಕುವಿನ ಮೊನೆಯನ್ನು ಸಂದಿನ ತಳದವರೆಗೆ ಇಳಿಸಿ, ಒಂದೇ ಎಳೆತಕ್ಕೆ ಉಕ್ಕಿದ ಅಂಟನ್ನೆಲ್ಲ ತೆಗೆಯುವುದು ಅವನ ಪದ್ಧತಿ. ಕೆಲಸ ಕಲಿಸಿದ ಗುರು ತಲೆಗೆ ಮೊಟಕಿ ಕಲಿಸಿದ್ದು. ಅವನ ಸಂದುಗಳು ದಾರ ಹಿಡಿದು ಎಳೆದ ಹಾಗೆ ಕಾಣುತ್ತಿದ್ದುದು ಅದರಿಂದಲೇ. ಇಲ್ಲಿ ತಳದಲ್ಲಿ ತಂತಿ ಇದೆ, ಚಾಕು ಬೇಡ ಎಂದು ದಿನವಿಡೀ ನೆನಪಿಟ್ಟುಕೊಂಡು ಒದ್ದೆ ಬಟ್ಟೆಯಲ್ಲೇ ಒರೆಸಿದ.

ಬಾಗಿಲ ಬಳಿ ಕೆಲವೇ ಸಾಲು ಉಳಿದಾಗ ಮನಸ್ಸು ಸಡಿಲಾಯಿತು. ಮುಗಿದೇ ಹೋಯಿತಲ್ಲ ಎಂಬ ಖುಷಿ. ಯಾವಾಗ ಚಾಕು ಕೈಗೆ ಬಂತೋ ಅವನಿಗೇ ಗೊತ್ತಿಲ್ಲ. ಬಾಗಿಲಿನಿಂದ ಮೂರನೆಯ ಸಂದಿನಲ್ಲಿ ಮೊನೆ ಇಳಿಯಿತು, ನೇರವಾಗಿ, ತಳದವರೆಗೆ.

ಜೀರುಂಡೆ ಕಿರಚಿತು.

"ಏನ್ರೀ ಅದು?" ಅಜ್ಜಿ ಅಡುಗೆಮನೆಯಿಂದ ಕೂಗಿದಳು.

ಮೇಸ್ತ್ರಿ ಚಾಕು ಕಿತ್ತ. ಕೂಗು ನಿಂತಿತು. "ಏನಿಲ್ಲ. ಬ್ಯಾಟರಿ," ಎಂದ. ಪೆಟ್ಟಿಗೆಯನ್ನು ಅಲ್ಲಾಡಿಸಿದ, ತೆಗೆದು ಮತ್ತೆ ಸಿಕ್ಕಿಸಿದ. ಸದ್ದಿಲ್ಲ. ತುಂಡಾಗಿದ್ದರೆ ಕೂಗುತ್ತಲೇ ಇರಬೇಕಿತ್ತಲ್ಲ? ಬರೀ ಮೇಲಿನ ಸಿಪ್ಪೆ ಹೋಗಿರಬಹುದು. ಸಿಪ್ಪೆ ಹೋದ ತಂತಿಯ ಮೇಲೆ ನೀರು ನಿಂತರೆ? ಟೈಲನ್ನು ಈಗಲೇ ಎಬ್ಬಿಸಿಬಿಡೋಣ ಎಂದು ಅದರ ಅಂಚಿಗೆ ಕೈ ಹಾಕಿದ.

ಅಷ್ಟರಲ್ಲಿ ಡ್ಯೂಟಿ ಮುಗಿಸಿ ಮಗ ಬಂದ. ಬಾಗಿಲಲ್ಲಿ ನಿಂತು ನೆಲವನ್ನು ಈ ಮೂಲೆಯಿಂದ ಆ ಮೂಲೆಗೆ ನೋಡಿದ.

"ಅಪ್ಪ... ನಿಜ ಹೇಳ್ತೀನಿ, ನಾನು ಅವತ್ತು ಹಾಗೆ ಅನ್ನಬಾರದಿತ್ತು. ನಿನ್ನ ಕೈ ಇನ್ನೂ ಹಾಗೇ ಇದೆ."

ಈ ಮಗ ಅಪ್ಪನನ್ನು ಹೊಗಳಿದ್ದು ಮೇಸ್ತ್ರಿಯ ನೆನಪಿನಲ್ಲಿ ಅದೇ ಮೊದಲು. ಹೊಗಳಿಕೆಗೂ ಒಂದು ಹೊತ್ತು ಗೊತ್ತು ಬೇಡವೇ! ಮೇಸ್ತ್ರಿ ಟೈಲಿನ ಅಂಚಿನಿಂದ ಕೈ ತೆಗೆದ. ಉಳಿದ ಸಾಲುಗಳನ್ನು ಕೂರಿಸಿದ. ಊಟ ಮುಗಿಯುವ ಹೊತ್ತಿಗೆ ಅಂಟು ಗಟ್ಟಿಯಾಗಿತ್ತು, ಅವನ ಬಾಯಿಯೂ ಗಟ್ಟಿಯಾಗಿತ್ತು.

ಕೆಲವೇ ದಿನಗಳಲ್ಲಿ ಮನೆಯವರೆಲ್ಲ ತಮ್ಮ ಬಚ್ಚಲಿಗೆ ಮರಳಿದರು, ಆದರೆ ಅಂಟು ಒಳಗೆಲ್ಲ ಚೆನ್ನಾಗಿ ಒಣಗುವವರೆಗೆ ತಂತಿಗೆ ಕರೆಂಟು ಕೊಡಬಾರದೆಂದು ಕರೆಂಟಿನವನು ಹೇಳಿದ್ದ. ಮೇಸ್ತ್ರಿ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡ. ಎರಡು ವಾರ ಕಳೆದು ಕರೆಂಟಿನವನು ಫೋನು ಮಾಡಿದರೆ, "ಥಂಡಿ ಜಾಸ್ತಿ ಇದೆಯಪ್ಪ, ಇನ್ನೂ ಒಣಗಿಲ್ಲ," ಎಂದ. ಮತ್ತೆ ಮಾಡಿದರೆ, "ನಾನೇ ಹೇಳಿ ಕಳಿಸ್ತೀನಿ," ಎಂದ. ಪ್ರತಿ ಸಲ ಫೋನಿಟ್ಟಾಗಲೂ ಬೀಸೋ ದೊಣ್ಣೆ ತಪ್ಪಿತೆಂದು ಉಸಿರು ಬಿಡುತ್ತಿದ್ದ. ಆದರೆ ದೊಣ್ಣೆ ತಲೆಯ ಮೇಲೇ ಇತ್ತು. ಅವನಿಗೆ ಹಗಲೂ ಅದೇ ಚಿಂತೆ, ಮಲಗಿದರೂ ಅದೇ ಚಿಂತೆ. ಮೂರನೆಯ ಸಂದು ಎಂದರೆ ಅಜ್ಜಿ ಬಾಗಿಲ ಚೌಕಟ್ಟು ಹಿಡಿದು ಒಳಗೆ ಬರುವಾಗ ಎಡಗಾಲನ್ನು ಮೊದಲು ಊರುವ ಜಾಗ. ಕರೆಂಟು ಕೊಟ್ಟರೆ ಅವಳಿಗೆ ಏನಾದೀತೋ ಎಂಬ ಹೆದರಿಕೆ. ಕೊಡದಿದ್ದರೆ ತಣ್ಣನೆಯ ನೆಲದಲ್ಲಿ ಬಿದ್ದಾಳು ಎಂಬ ಹೆದರಿಕೆ. ಉಗುಳಲೂ ಆಗದ, ನುಂಗಲೂ ಆಗದ ಬಿಸಿ ತುಪ್ಪ. ಹೇಳಿಬಿಟ್ಟರೆ ಮುಗಿಯುತ್ತಿತ್ತು. ಆದರೆ ಹೇಳಿದರೆ ಎಲ್ಲರೂ ಏನೆನ್ನುತ್ತಾರೆಂದು ಅವನಿಗೆ ಗೊತ್ತಿತ್ತು: ಮುದುಕನ ಕೈ ನಡುಗಿತು.

ಹಾಗಾಗಿ ಹೊಸ ಕಸುಬೊಂದನ್ನು ಹಿಡಿದ. ಅಜ್ಜಿಯ ಸ್ನಾನಕ್ಕೆ ಮುಂಚೆ ಒಲೆಯ ಮೇಲೆ ದೊಡ್ಡ ಪಾತ್ರೆಗಳಲ್ಲಿ ನೀರು ಕಾಯಿಸುವುದು, ಬಕೆಟ್ಟಿಗೆ ಸುರಿದು ಹೊತ್ತೊಯ್ದು ನೆಲಕ್ಕೆ ಹೊಯ್ಯುವುದು, ನೆಲ ಬಿಸಿಯಿದ್ದಾಗಲೇ ಅವಳನ್ನು ಒಳಗೆ ಕಳಿಸುವುದು.

"ತಾತ, ಬಿಸಿ ನೆಲ ಅಂದ್ರೆ ಇದೇನಾ?" ಎಂದಳು ಮೊಮ್ಮಗಳು. "ಇದಕ್ಕೆ ಆ ತಂತಿ ಯಾಕೆ ಬೇಕಿತ್ತು, ನೀನೇ ಸಾಕಿತ್ತಲ್ಲ."

"ಬಾಯಿ ಮುಚ್ಚಿಕೊಂಡು ಓದ್ಕೋ ಹೋಗು!"

ಅವನು ಅವಳನ್ನು ಹಾಗೆ ಗದರಿದವನಲ್ಲ. ಹುಡುಗಿ ಬೆಪ್ಪಾದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ಥಿತಿ ಮೇಸ್ತ್ರಿಯದು.

"ಮಾವ ಊಟ ಸರಿಯಾಗಿ ಮಾಡ್ತಿಲ್ಲ," ಎಂದಳು ಸೊಸೆ ಗಂಡನಿಗೆ, ಪಾತ್ರೆ ತೊಳೆಯುತ್ತ. "ಸೂಪು ಹಾಗೇ ಬಿಟ್ಟಿದ್ದಾರೆ. ಏನೋ ಇದೆ ರೀ."

"ವಯಸ್ಸಾಯ್ತು. ಕೆಲಸದ ಸುಸ್ತು."

"ಕೆಲಸ ಮುಗಿದು ತಿಂಗಳಾಗ್ತಾ ಬಂತು. ಅಂಟು ಇನ್ನೂ ಒಣಗಿಲ್ಲ ಅಂತಾರೆ. ನಮ್ಮ ಲಾಂಡ್ರಿಯಲ್ಲಿ ಕಂಬಳಿಯೇ ಒಂದು ಗಂಟೆಗೆ ಒಣಗುತ್ತೆ."

"ನಿನಗೆ ಟೈಲ್ಸ್ ಕೆಲಸ ಗೊತ್ತಾ? ಅವರಿಗೆ ಗೊತ್ತಿಲ್ವಾ?" ಎಂದ ಮಗ. ಒಮ್ಮೆ ಹೊಗಳಿದ ಮೇಲೆ ಅವನೂ ಆ ಮಾತನ್ನು ಉಳಿಸಿಕೊಳ್ಳಬೇಕಿತ್ತು.

ಆಮೇಲಿನ ಭಾನುವಾರ ಮೇಸ್ತ್ರಿ ಬ್ರೆಡ್ಡು ತರಲು ಹೋದವನು ಅಂಗಡಿಯ ಸಾಲಿನಲ್ಲಿ ಸಿಕ್ಕಿಕೊಂಡ. ಮನೆಯಲ್ಲಿ ಅಜ್ಜಿ ಕಾದು ಕಾದು ಬೇಸರಪಟ್ಟು, ಬಕೆಟ್ಟಿನ ಉಪಚಾರ ಬೇಡವೆಂದು ಸ್ನಾನಕ್ಕೆ ಹೊರಟಳು. ಸೊಸೆ ಬಾಗಿಲಲ್ಲಿ ನಿಂತಿದ್ದಳು. ಒಲೆಯ ಮೇಲೆ ಆಲೂಗಡ್ಡೆ ಸೀದ ವಾಸನೆ ಬಂತು. "ಅತ್ತೆ, ಹಾಗೇ ನಿಂತಿರಿ, ಬಂದೆ," ಎಂದು ಓಡಿದಳು. ಒಲೆ ಆರಿಸುವಷ್ಟರಲ್ಲಿ ಧೊಪ್ಪೆಂದು ಸದ್ದಾಯಿತು.

ಪುಣ್ಯಕ್ಕೆ ಸೊಂಟ ಉಳಿಯಿತು. ವಾಶ್ ಬೇಸಿನ್ನಿಗೆ ತಾಗಿ ಮೊಣಕೈಯಿಂದ ಭುಜದವರೆಗೆ ನೀಲಿಗಟ್ಟಿತು. ಅಜ್ಜಿ ಅಳಲಿಲ್ಲ, ಒಂದೇ ಸಮನೆ ನಡುಗುತ್ತಿದ್ದಳು. ಮಗ ಹೆಂಡತಿಯ ಮೇಲೆ ಹರಿಹಾಯ್ದ.

"ಐದು ನಿಮಿಷ ನಿಲ್ಲೋಕೆ ಆಗಲ್ವಾ ನಿನಗೆ? ಆಲೂಗಡ್ಡೆ ಹೆಚ್ಚಾಯ್ತಾ ನನ್ನ ಅಮ್ಮನಿಗಿಂತ?"

"ಮನೆಗೆ ಬೆಂಕಿ ಬಿದ್ರೆ ಅದಕ್ಕೂ ನನ್ನನ್ನೇ ಬೈತಿದ್ರಿ! ಆಸ್ಪತ್ರೆ ಬಟ್ಟೆ ನಾನೇ, ಅಡುಗೆ ನಾನೇ, ಕಾವಲೂ ನಾನೇನಾ?"

"ಒಂದು ಕೆಲಸ ನೆಟ್ಟಗೆ ಮಾಡಿದ್ರೆ ಸಾಕಿತ್ತು."

"ನೆಲ ಮಾಡಿಸಿದ್ದು ಯಾಕೆ ಮತ್ತೆ? ನೋಡೋಕಾ? ಯಾರಿಗೋಸ್ಕರ ಕಾಯ್ತಾ ಇದ್ದೀವಿ ನಾವು?"

ಅವಳು ಕೇಳಿದ್ದು ಗಂಡನನ್ನು, ನೋಡಿದ್ದು ಮಾವನನ್ನು. ಬ್ರೆಡ್ಡಿನ ಚೀಲ ಕೈಯಲ್ಲಿ ಹಿಡಿದೇ ನಿಂತಿದ್ದ ಮೇಸ್ತ್ರಿ ಆಗ ಒಂದು ಮಾತು ಹೇಳಬಹುದಿತ್ತು. ಆದರೆ "ಜಗಳ ಬಿಡಿ, ಮೊದಲು ಅವಳಿಗೆ ಬಿಸಿ ಹಾಲು ಕೊಡಿ," ಎಂದುಬಿಟ್ಟ. ತಾನು ಮಾಡಿದ್ದಕ್ಕೆ ಸೊಸೆ ಬೈಸಿಕೊಳ್ಳುವುದನ್ನು ಕಣ್ಣಾರೆ ನೋಡಿಯೂ ಸುಮ್ಮನಿದ್ದ. ಕೆಟ್ಟವನಲ್ಲ ಅವನು. ಆದರೆ ಆ ದಿನ ಮಾಡಿದ್ದು ಕೆಟ್ಟದ್ದೇ.

ಸೊಸೆ ಯಾರನ್ನೂ ಕೇಳದೆ ಕರೆಂಟಿನವನಿಗೆ ಫೋನು ಮಾಡಿದಳು.

ಅವನು ಬಂದದ್ದು ಎಲ್ಲರೂ ಮನೆಯಲ್ಲಿದ್ದ ಸಂಜೆ. ಗೋಡೆಯ ಮೇಲೆ ಸ್ವಿಚ್ಚಿನ ಪೆಟ್ಟಿಗೆ ಕೂರಿಸಿದ. ಜೇಬಿನಿಂದ ಚಿಕ್ಕ ಮೀಟರು ತೆಗೆದು ತಂತಿಯ ತುದಿಗಳಿಗೆ ಹಿಡಿದು, "ಲೈನು ಸರಿಯಾಗೇ ಇದೆ," ಎಂದ. ಮೇಸ್ತ್ರಿಗೆ ಹೋದ ಜೀವ ಬಂದಂತಾಯಿತು. "ಸಿಪ್ಪೆ ಹೋಗಿದೆಯಾ ಅಂತ ಪೂರ್ತಿ ನೋಡೋ ದೊಡ್ಡ ಮೀಟರು ಅಂಗಡೀಲಿ ಉಳೀತು, ನಾಳೆ ತರ್ತೀನಿ. ಅಂಟು ಹಾಕೋವಾಗ ಪೆಟ್ಟಿಗೆ ಕೂಗಲಿಲ್ಲ ತಾನೇ?"

"ಇಲ್ಲ," ಎಂದ ಮೇಸ್ತ್ರಿ.

"ಹಾಗಾದ್ರೆ ಇವತ್ತೇ ಹಾಕಿ ನೋಡೋಣ. ನಾನು ಹೊರಗಿನ ಮೇನ್ ಹಾಕ್ತೀನಿ, ಹೇಳಿದಾಗ ನೀವು ಈ ಸ್ವಿಚ್ ಒತ್ತಿ," ಎಂದು ಮಗನಿಗೆ ಹೇಳಿ ಅವನು ಮೆಟ್ಟಿಲ ಕಡೆ ಹೋದ.

ಅಜ್ಜಿ ಆಗಲೇ ಕಾಲುಚೀಲ ಬಿಚ್ಚುತ್ತಿದ್ದಳು. "ಮೊದಲು ನಾನು ನಿಲ್ತೀನಿ," ಎಂದಳು, ಮದುವೆಯ ಹೊಸ ಸೀರೆ ಉಡುವವಳ ಉತ್ಸಾಹದಲ್ಲಿ.

"ನೀನು ದೂರ ಇರು!" ಮೇಸ್ತ್ರಿಯ ದನಿ ಒಡೆದಿತ್ತು. ಅವನು ಅವಳನ್ನು ದಾಟಿ ಒಳಗೆ ಹೋದ. ತನ್ನ ಕಾಲುಚೀಲ ಕಿತ್ತೆಸೆದ. ಮಗ್ಗಿನಲ್ಲಿ ನೀರು ತುಂಬಿ ಬಾಗಿಲ ಬಳಿಯ ಸಂದಿನ ಮೇಲೆ ಸುರಿದ, ಇನ್ನೊಂದು ಮಗ್ಗು ಸುರಿದ, ಅದರ ಮೇಲೆ ಎರಡೂ ಪಾದ ಊರಿ ನಿಂತ. "ಹಾಕೋ ಸ್ವಿಚ್ಚು."

ತಪ್ಪಾಯಿತು ಎನ್ನುವುದಕ್ಕಿಂತ ಸಾಯುವುದು ಆ ಮುದುಕನಿಗೆ ಸುಲಭವಾಗಿ ಕಂಡಿತ್ತು.

"ಹಾಕಲಾ?" ಹೊರಗಿನಿಂದ ಕರೆಂಟಿನವನ ಕೂಗು.

ಮಗ ನಗುತ್ತ ಕೈ ಚಾಚಿದ. ಸೊಸೆ ಮಾವನ ಮುಖ ನೋಡಿದಳು. ಅವನು ಕಣ್ಣು ಮುಚ್ಚಿಕೊಂಡಿದ್ದ, ತುಟಿ ಬಿಳುಪೇರಿತ್ತು. ಅವಳು ಗಂಡನ ಕೈ ತಳ್ಳಿ ಸ್ವಿಚ್ಚಿನ ಮೇಲೆ ಅಂಗೈ ಒತ್ತಿ ಹಿಡಿದಳು.

"ಬೇಡ! ಮೇನ್ ಹಾಕಬೇಡಿ!" ಎಂದು ಕಟ್ಟಡಕ್ಕೆಲ್ಲ ಕೇಳುವ ಹಾಗೆ ಕಿರಚಿದಳು. "ಮಾವ, ನೀರು ಯಾಕೆ ಹಾಕಿಕೊಂಡ್ರಿ?"

ಮೇಸ್ತ್ರಿ ಕಣ್ಣು ತೆರೆಯಲಿಲ್ಲ.

"ಅಲ್ಲೇ ಯಾಕೆ ನಿಂತ್ರಿ? ಹೇಳಿ ಮಾವ."

ಮೇಸ್ತ್ರಿ ಕಣ್ಣು ಬಿಟ್ಟ. "ಈ ಸಂದಲ್ಲಿ ಚಾಕು ಇಳೀತು," ಎಂದ. "ಪೆಟ್ಟಿಗೆ ಕೂಗಿತ್ತು, ಬ್ಯಾಟರಿ ಅಂದುಬಿಟ್ಟೆ. ನಾನು ಹೇಳಲಿಲ್ಲ."

ಮೊದಲು ಬಾಯಿ ಬಿಟ್ಟವನು ಮಗ. "ಅದಕ್ಕೇ ತಾನೇ ನಾನು ಮೊದಲೇ ಬಡ್ಕೊಂಡಿದ್ದು? ಕೈ ನಡುಗುತ್ತೆ, ಬೇಡ ಅಂತ!"

"ಕೈ ನಡುಗಲಿಲ್ಲ ಕಣೋ," ಎಂದ ಮೇಸ್ತ್ರಿ. ಅಳು ಬರುತ್ತಿತ್ತು, ತಡೆಯಲಿಲ್ಲ. "ನಡುಗಿದ್ದಿದ್ರೆ ಚಾಕು ತಳ ಮುಟ್ತಿರಲಿಲ್ಲ, ತಂತಿ ಉಳೀತಿತ್ತು."

ಅಜ್ಜಿ ಅವನನ್ನು ಅಷ್ಟಕ್ಕೇ ಬಿಡಲಿಲ್ಲ. ಒಂದು ಕಾಲುಚೀಲ ಕೈಯಲ್ಲಿ, ಒಂದು ಕಾಲಲ್ಲಿ, ಗೋಡೆ ಹಿಡಿದು ನಿಂತಿದ್ದಳು.

"ತಿಂಗಳಿಡೀ ಹೆದರ್ಕೊಂಡು ಸ್ನಾನ ಮಾಡಿದ್ದು ನಾನು. ಬಿದ್ದಿದ್ದು ನಾನು. ಬೈಸಿಕೊಂಡಿದ್ದು ಇವಳು. ನೀವು ಇಲ್ಲಿ ನಿಂತು ನಿಮ್ಮ ಕೈ ದೊಡ್ಡಸ್ತಿಕೆ ಹೇಳ್ತೀರಾ? ಈಗ ಇಲ್ಲಿ ಸತ್ತು ಹೋಗಿದ್ರೆ, ನಾನು ಆಮೇಲೆ ಈ ನೆಲದ ಮೇಲೆ ಕಾಲಿಡ್ತಿದ್ನೇನ್ರೀ?"

"ತಪ್ಪಾಯ್ತು ಕಣೇ."

"ನನಗಲ್ಲ. ಅವಳಿಗೆ ಹೇಳಿ."

ಮೇಸ್ತ್ರಿ ಸೊಸೆಯ ಕಡೆ ತಿರುಗಿದ. ಕೈ ಮುಗಿದ. ಸೊಸೆ ಸ್ವಿಚ್ಚಿನಿಂದ ಇನ್ನೂ ಕೈ ತೆಗೆದಿರಲಿಲ್ಲ. "ಕೈ ಮುಗೀಬೇಡಿ ಮಾವ. ನನಗೆ ಸಿಟ್ಟಿದೆ, ಇಳಿಯೋಕೆ ಟೈಮ್ ಬೇಕು," ಎಂದಳು.

ಕರೆಂಟಿನವನು ಏದುಸಿರು ಬಿಡುತ್ತ ಬಂದು ಸಂಗತಿ ಕೇಳಿ ಬೆವರು ಒರೆಸಿಕೊಂಡ. "ಟ್ರಿಪ್ ಆಗಿ ಕರೆಂಟು ತಾನೇ ನಿಲ್ತಿತ್ತು, ನಿಲ್ಲಬೇಕು... ಆದ್ರೂ ನಾನೂ ದೊಡ್ಡ ಮೀಟರ್ ಇಲ್ಲದೆ ಹಾಕೋಕೆ ಹೊರಟಿದ್ದು ತಪ್ಪೇ. ಆ ಒಂದು ಟೈಲು ಒಡೆದು ತೆಗೆದ್ರೆ ತಂತಿಗೆ ಜಾಯಿಂಟ್ ಹಾಕಬಹುದು. ನಾಳೆ ಯಾರನ್ನಾದ್ರೂ ಕರ್ಕೊಂಡು..."

"ನಾಳೆ ಇಲ್ಲ," ಎಂದಳು ಅಜ್ಜಿ. "ಈಗ. ಇವರೇ ಒಡೀಲಿ."

ಕರೆಂಟಿನವನು ಮೇನ್ ಪೂರ್ತಿ ಇಳಿಸಿ, ತಂತಿಯ ತುದಿಗಳನ್ನು ಕಳಚಿಟ್ಟ. ಮೊಮ್ಮಗಳು ಮೊಬೈಲಿನ ಬೆಳಕು ಹಿಡಿದಳು. ಮೇಸ್ತ್ರಿ ಉಳಿ, ಸುತ್ತಿಗೆ ತಂದು ಮಂಡಿಯೂರಿದ. ಉಳಿಯನ್ನು ಸಂದಿಗೆ ಇಟ್ಟ. ಉಳಿ ಟೈಲಿನ ಮೇಲೆ ಟಕಟಕ ಕುಣಿಯಿತು. ಈಗ ನಿಜವಾಗಿ ನಡುಗುತ್ತಿತ್ತು ಆ ಕೈ, ಎಲ್ಲರ ಕಣ್ಣೆದುರು. ಎಡಗೈಯಿಂದ ಮಣಿಕಟ್ಟು ಹಿಡಿದು ನೋಡಿದ, ಎಡಗೈಯೂ ನಡುಗಿತು. ಮಗ ಮುಂದೆ ಬಾಗಿದ. ಅಜ್ಜಿ ಅವನ ಅಂಗಿ ಹಿಡಿದು ಎಳೆದಳು.

ಸೊಸೆ ಬಂದು ಒದ್ದೆ ನೆಲದಲ್ಲಿ ಮಾವನ ಎದುರು ಕೂತಳು. ಅವನ ಕೈಯಿಂದ ಉಳಿ ಬಿಡಿಸಿಕೊಂಡು ಎರಡೂ ಕೈಯಲ್ಲಿ ಸಂದಿನ ಮೇಲೆ ನೆಟ್ಟಗೆ ಹಿಡಿದಳು.

"ಹೊಡೀರಿ."

"ಬೇಡಮ್ಮ. ಈ ಕೈ ನೋಡ್ತಿದ್ದೀಯಲ್ಲ. ನಿನ್ನ ಬೆರಳಿಗೆ ಬಿದ್ರೆ?"

"ಬಿದ್ರೆ ಕೂಗ್ತೀನಿ ಮಾವ. ಬ್ಯಾಟರಿ ಅನ್ನೋಕಾಗಲ್ಲ."

ಮೇಸ್ತ್ರಿ ಅವಳ ಬೆರಳುಗಳನ್ನೇ ನೋಡಿದ. ಇಸ್ತ್ರಿಯ ಬಿಸಿಗೆ ಗಂಟುಗಟ್ಟಿದ ಬೆರಳುಗಳು, ಒಂದಿಷ್ಟೂ ಅಲುಗುತ್ತಿರಲಿಲ್ಲ. ಅವನು ಸುತ್ತಿಗೆಯನ್ನು ಎತ್ತಿದ. ಮೊದಲ ಏಟು ಮೆಲ್ಲಗೆ ಬಿತ್ತು, ಟೈಲಿಗೆ ಏನೂ ಆಗಲಿಲ್ಲ. ಎರಡನೆಯ ಏಟಿಗೆ ಬಿರುಕು ಬಿಟ್ಟಿತು.